ಕೊನೆಯ ಐದು ನಿಮಿಷ

ಮಾರ್ಚ್ 41, 2189
ತೂಗುಮನೆ, ಕರಡಿಗುಡ್ಡ

ಶ್ರೀ ಶಿವರುದ್ರಯ್ಯನವರಿಗೆ,

ಮೇಲಿನ ತಾರೀಖು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ಕಬಡ್ಡಿ ಲೀಗಿನ ಆಯ್ಕೆ ಮುಗಿಯುವತನಕ ಮಾರ್ಚ್ ಕೂಡ ಮುಗಿಯಬಾರದೆಂದು ನಮ್ಮ ಕಾಲದ ದೊಡ್ಡವರು ತೀರ್ಮಾನಿಸಿದ್ದಾರೆ. ಈ ವರ್ಷ ಅದಕ್ಕೆ ನಲವತ್ತಾರು ದಿನ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆಯಿರಲಿ. ಮಾತಿನ ಬಿಸಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ. ಈ ಕಾಗದ ನೂರಾ ಅರವತ್ತೆರಡು ವರ್ಷ ಹಿಂದಕ್ಕೆ ಹೇಗೆ ಬರುತ್ತದೆಂಬುದು ಅಂಚೆಯವರಿಗೆ ಗೊತ್ತು, ನನಗೆ ಗೊತ್ತಿಲ್ಲ. ನೀವು ಕರಡಿಗುಡ್ಡದ ಶಾಲೆಯ ಮೈದಾನದಲ್ಲಿ ಸಿಮೆಂಟ್ ಕಟ್ಟೆಯ ಮೇಲೆ ಕುಳಿತಿರುವಾಗ, ಹುಡುಗಿಯರ ಪಂದ್ಯದ ಮೊದಲರ್ಧ ಮುಗಿದ ಕೂಡಲೇ ನಿಮ್ಮ ಕೈಗೆ ಕೊಡಬೇಕೆಂದು ಹೇಳಿ ಕಳಿಸಿದ್ದೇನೆ.

ನನ್ನ ಹೆಸರು ಈರವ್ವ. ತೂಗುಮನೆಯಲ್ಲಿ ಓದಿಹೇಳುವ ಕೆಲಸ ನನ್ನದು. ನಿಮ್ಮ ಕಾಲದಲ್ಲಿ ನೀವು ಆಯ್ಕೆದಾರರು ಊರೂರು ತಿರುಗಿ ಎಳೆಯ ಆಟಗಾರರನ್ನು ನೋಡಿ, ಲೀಗಿನ ತಂಡಗಳಿಗೆ ಯಾರು ಲಾಯಕ್ಕು ಎಂದು ಹಾಳೆ ತುಂಬುತ್ತಿದ್ದಿರಲ್ಲ, ಆ ಕೆಲಸವನ್ನು ಈಗ ಒಂದು ಯಂತ್ರ ಮಾಡುತ್ತದೆ. ಅದು ಇರುವ ಕಟ್ಟಡವೇ ತೂಗುಮನೆ. ಬಿಸಿಲೇರುವ ಮುಂಚೆ ಮಕ್ಕಳು ಬಂದು ಸಾಲು ನಿಲ್ಲುತ್ತಾರೆ. ಅವರವರ ಪಾಲಿನ ಒಂದು ಲೋಟ ನೀರು ಕುಡಿದು, ಗಾಜಿನ ಹಲಗೆಯ ಮೇಲೆ ನಿಂತು, ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಅನ್ನುತ್ತಾರೆ. ಯಂತ್ರ ಅವರ ಉಸಿರು ಕೇಳುತ್ತದೆ, ಮೊಣಕಾಲು ನೋಡುತ್ತದೆ, ಹುಟ್ಟಿದ ಊರು ಓದಿಕೊಳ್ಳುತ್ತದೆ. ನಾಲ್ಕು ದಿನದ ಮೇಲೆ ಒಬ್ಬೊಬ್ಬರಿಗೂ ಒಂದು ಚೀಟಿ ಬರುತ್ತದೆ, ಅದನ್ನು ಮಕ್ಕಳ ಎದುರು ನಿಂತು ಓದುವವಳು ನಾನು. ಆ ಚೀಟಿಗೆ ಸರ್ಕಾರಿ ಹೆಸರು ಮುಂಗಾಣ್ಕೆ. ನಮ್ಮೂರಿನವರು ಹಣೆಬರಹ ಅನ್ನುತ್ತಾರೆ.

ಹನ್ನೊಂದು ವರ್ಷದಿಂದ ಓದುತ್ತಿದ್ದೇನೆ. ಬೇರೆ ಊರಿನ ಮಕ್ಕಳಿಗೆ ಬಗೆಬಗೆಯ ಮಾತು ಬರುತ್ತದೆ. ಒಬ್ಬಳಿಗೆ ಹಿಡಿತ ಸಾಲದು, ಇನ್ನೊಬ್ಬಳಿಗೆ ಕಾಲು ಚುರುಕು, ಹೀಗೆ. ಕರಡಿಗುಡ್ಡದ ಹುಡುಗಿಯರಿಗೆ ಮಾತ್ರ ಒಂದೇ ಸಾಲು: ಕೊನೆಗೆ ಸುಸ್ತಾಗುತ್ತಾರೆ. ಯಂತ್ರಕ್ಕೆ ಇದನ್ನು ಯಾರು ಹೇಳಿಕೊಟ್ಟರು ಎಂದು ತಿಳಿಯಲು ನಾನು ಎರಡು ವರ್ಷ ದಾಖಲೆ ಕೋಣೆಯ ಧೂಳು ಕುಡಿದೆ. ಅದಕ್ಕೆ ಮೊಟ್ಟಮೊದಲು ಪಾಠ ಹೇಳಲು ಹಳೆಯ ಆಯ್ಕೆದಾರರ ಹಾಳೆಗಳನ್ನು ಉಣಿಸಿದ್ದರಂತೆ. ಅವನ್ನು ನಾವು ಮೂಲಹಾಳೆ ಅನ್ನುತ್ತೇವೆ. ನಮ್ಮೂರಿನ ಮೂಲಹಾಳೆ ನಿಮ್ಮದು, ಸ್ವಾಮಿ.

ಅದರಲ್ಲಿ ಒಂಬತ್ತು ಕಾಲಂ ಇವೆ. ಆರನೆಯದರವರೆಗೆ ನೀವು ಬರೆದದ್ದನ್ನು ಓದಿ ನನಗೆ ನಿಮ್ಮ ಮೇಲೆ ಗೌರವವೇ ಬಂದಿತ್ತು. ಒಬ್ಬಳು ಬೋನಸ್ ಗೆರೆ ಮುಟ್ಟುವ ಮೊದಲು ಎಡಭುಜ ಇಳಿಸುತ್ತಾಳೆಂಬುದನ್ನೂ ಗುರುತಿಸಿದ್ದೀರಿ. ಏಳನೇ ಕಾಲಂ ಕೊನೆಯ ಐದು ನಿಮಿಷದ ಆಟದ್ದು. ಅಲ್ಲಿ ಹದಿನಾಲ್ಕು ಹುಡುಗಿಯರಿಗೂ ಒಂದೇ ಮಾತು ಬರೆದಿದ್ದೀರಿ. ಮೊದಲನೆಯವಳಿಗೆ ಕೊನೆಗೆ ಸುಸ್ತು, ಉಳಿದ ಹದಿಮೂರು ಮಂದಿಗೆ ಅದರ ಕೆಳಗೆ ಸಾಲಾಗಿ ಅದೇ ಅದೇ ಎಂಬ ಗುರುತು. ಅಕ್ಷರ ಜೀಪಿನ ಕುಲುಕಾಟಕ್ಕೆ ಅಂಕುಡೊಂಕಾಗಿದೆ. ಹಾಳೆಯ ಮೂಲೆಯಲ್ಲಿ ಸಾರಿನ ಕಲೆಯೂ ಇದೆ. ಅದೇ ಪಂದ್ಯಕ್ಕೆ ಶಾಲೆಯ ಪಿ.ಟಿ. ಮಾಸ್ತರರು ಬರೆದಿಟ್ಟ ಅಂಕಪುಸ್ತಕ ಸಿಕ್ಕಿತು. ಮೊದಲರ್ಧ ಮುಗಿಯುತ್ತಲೇ ಆಯ್ಕೆದಾರರು ಊಟಕ್ಕೆ ಐಬಿ ಬಂಗಲೆಗೆ ಹೊರಟರು ಎಂದು ಅದರಲ್ಲಿದೆ. ಮುಂದಿನ ಪುಟವನ್ನು ಗೆದ್ದಲು ತಿಂದಿದೆ. ಆ ಕೊನೆಯ ಐದು ನಿಮಿಷದಲ್ಲಿ ಏನಾಯಿತೆಂದು ಇವತ್ತು ಯಾರಿಗೂ ಗೊತ್ತಿಲ್ಲ.

ನೋಡದೆ ಬರೆದಿರಿ, ಶಿವರುದ್ರಯ್ಯನವರೇ. ಅನ್ನ ಆರಿಹೋಗುತ್ತದೆಂದು ಎದ್ದು ಹೋದಿರಿ. ನಿಮಗೆ ಅದು ಖಾಲಿ ಬಿಡಬಾರದ ಒಂದು ಕಾಲಂ, ಅಷ್ಟೇ. ನಿಮ್ಮ ನಂತರ ಬಂದವರು ನಿಮ್ಮ ಹಾಳೆ ನೋಡಿ ನಕಲು ಹೊಡೆದರು. ಯಂತ್ರ ಅವರೆಲ್ಲರನ್ನೂ ನಂಬಿತು. ತರಬೇತುದಾರರು ಯಂತ್ರವನ್ನು ನಂಬಿ, ಕೊನೆಯ ಐದು ನಿಮಿಷಕ್ಕೆ ನಮ್ಮೂರಿನವರನ್ನು ಹೊರಗೆ ಕೂರಿಸುವ ಪದ್ಧತಿ ಮಾಡಿಕೊಂಡರು. ನಾನೂ ಆರು ವರ್ಷ ಸಣ್ಣ ಲೀಗಿನಲ್ಲಿ ಆಡಿದವಳು. ಒಂದೇ ಒಂದು ಪಂದ್ಯದ ಕೊನೆಯ ಸೀಟಿಯನ್ನೂ ಅಂಕಣದೊಳಗೆ ನಿಂತು ಕೇಳಿಲ್ಲ. ಪ್ರತಿ ಸಲ ಬೆಂಚಿನ ಮೇಲೆ ಕೂತಿದ್ದೆ, ಮೈಯ ಬೆವರು ಇನ್ನೂ ಆರಿರದೆ, ಎದ್ದು ಓಡಲು ಕಾಲು ತುಡಿಯುತ್ತಾ. ಆಗ ನನಗೂ ನಾನು ಸುಸ್ತಾಗುವವಳೇ ಇರಬೇಕು ಅನ್ನಿಸಿಬಿಟ್ಟಿತ್ತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಈ ವರ್ಷ ದ್ಯಾವಮ್ಮ ಎಂಬ ಹುಡುಗಿ ಬಂದಿದ್ದಾಳೆ. ಹದಿನೇಳು ವರ್ಷ. ಅವ್ವ ಮೈದಾನದ ನೆರಳುಬಟ್ಟೆ ಹೊಲಿಯುವವಳು. ಹೊರಗೆ ಐವತ್ತು ಡಿಗ್ರಿ ಬಿಸಿಲಿರುವಾಗ ಆ ಬಟ್ಟೆ ಇಲ್ಲದೆ ಯಾರೂ ಆಡುವಂತಿಲ್ಲ. ಅದರ ಕೆಳಗೆ ದ್ಯಾವಮ್ಮ ರೈಡಿಗೆ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೂವರು ಕಾಲಿಗೆ ಜೋತುಬಿದ್ದರೂ ಮಧ್ಯಗೆರೆಗೆ ಕೈ ಚಾಚುತ್ತಾಳೆ. ಅದು ಊರಿನ ಆಟ, ಲೆಕ್ಕಕ್ಕಿಲ್ಲ. ಅವಳ ಚೀಟಿ ನಿನ್ನೆ ಬಂತು, ನಾಳಿದ್ದು ಓದಬೇಕು. ಅದರಲ್ಲೇನಿದೆ ಎಂದು ನಾನು ಹೇಳಲಿಲ್ಲ, ಅವಳು ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಅಳಲಿಲ್ಲ. ಒಂದೇ ಮಾತು ಕೇಳಿದಳು.

“ಅಕ್ಕಾ, ನಾ ದಣದದ್ದು ಯಾರು ನೋಡ್ಯಾರ?”

ಆ ಪ್ರಶ್ನೆಯನ್ನೇ ಹೊತ್ತು ನಾನು ಮೇಲಿನವರ ಹತ್ತಿರ ಹೋದೆ. ಅಧಿಕೃತ ಪಂದ್ಯದಲ್ಲಿ ಕರಡಿಗುಡ್ಡದವರು ಕೊನೆಯ ಐದು ನಿಮಿಷ ಆಡಿದ ಪುರಾವೆ ತನ್ನಿ ಎಂದರು. ಆಡಲು ಬಿಟ್ಟರೆ ತಾನೇ ಪುರಾವೆ ಎಂದೆ. ಪುರಾವೆ ಇದ್ದರೆ ತಾನೇ ಆಡಲು ಬಿಡುವುದು ಎಂದು ಬಹಳ ಸಮಾಧಾನವಾಗಿ ವಿವರಿಸಿದರು. ಮೂಲಹಾಳೆಯನ್ನು ತಿದ್ದುವ ಹಕ್ಕು ಸಹಿ ಹಾಕಿದವರಿಗೆ ಮಾತ್ರ ಇದೆಯಂತೆ. ಅದಕ್ಕೇ ಸತ್ತು ಶತಮಾನ ಕಳೆದ ನಿಮಗೆ ಬರೆಯುತ್ತಿದ್ದೇನೆ.

ಈಗ ನಿಮ್ಮ ತೊಡೆಯ ಮೇಲೆ ಆ ಹಾಳೆ ಇದೆ. ಏಳನೇ ಕಾಲಂ ಇನ್ನೂ ಖಾಲಿ. ಜೀಪಿನವನು ಹಾರ್ನ್ ಹೊಡೆಯುತ್ತಿರಬೇಕು. ಹೊಡೆಯಲಿ. ನೀವು ಕುಳಿತುಕೊಳ್ಳಿ. ಹುಡುಗಿಯರು ಈಗ ನೀರು ಕುಡಿದು ಮತ್ತೆ ಅಂಕಣಕ್ಕೆ ಬರುತ್ತಾರೆ, ಕೊನೆಯ ಸೀಟಿಯವರೆಗೂ ಅವರನ್ನು ನೋಡಿ. ನನಗಾಗಿ ಒಳ್ಳೆಯ ಮಾತು ಬರೆಯಿರಿ ಎಂದು ನಾನು ಕೇಳುತ್ತಿಲ್ಲ. ಅವರು ನಿಜಕ್ಕೂ ದಣಿದರೆ ದಣಿದರು ಎಂದೇ ಬರೆಯಿರಿ. ಒಬ್ಬೊಬ್ಬಳ ಹೆಸರಿನ ಮುಂದೆಯೂ ಬೇರೆಬೇರೆಯಾಗಿ, ನೋಡಿ ಬರೆಯಿರಿ. ಆ ಹಾಳೆಯಿಂದ ಹುಟ್ಟುವ ಚೀಟಿಯಲ್ಲಿ ಎಂಥ ಕೆಟ್ಟ ಮಾತಿದ್ದರೂ ನಾಳಿದ್ದು ನಾನು ಅದನ್ನು ದ್ಯಾವಮ್ಮನ ಕಣ್ಣಲ್ಲಿ ಕಣ್ಣಿಟ್ಟು ಓದಬಲ್ಲೆ.

ಈರವ್ವ
ಓದಿಹೇಳುವವಳು, ಕರಡಿಗುಡ್ಡ