ಸೊಂಟಪಟ್ಟಿ ಇಲ್ಲದ ಚೀಲ

ಹೊನ್ನಾಳಿ, ಸಾವಿರದ ಒಂಬೈನೂರ ಎಂಬತ್ತಾರು, ಫೆಬ್ರವರಿ ಹದಿನೇಳು, ಸೋಮವಾರ.

ಪ್ರೀತಿಯ ಕಸ್ತೂರಕ್ಕಂಗೆ ನಿನ್ನ ತಮ್ಮ ತಿಪ್ಪೇಶಪ್ಪ ಮಾಡೋ ನಮಸ್ಕಾರ. ಮೊದಲು ಹಲೋ ಹಲೋ ಅಂತ ಎರಡು ಸಲ ಊದಿ, ಆಮೇಲೆ ಅದನ್ನ ಅಳಿಸಿ ಮತ್ತೆ ಶುರು ಮಾಡೀನಿ. ಮದುವೆಗೆ ದಿಬ್ಬಣಕ್ಕೆ ಮೈಕ್‌ಸೆಟ್ ಬಾಡಿಗೆ ಕೊಟ್ಟು ಕೊಟ್ಟು, ಬಾಯಿ ಮುಂದೆ ಮೈಕ್ ಬಂತು ಅಂದ್ರೆ ಅದೇ ಬರ್ತೈತೆ. ಹೆಂಗಿದೀಯ ಅಕ್ಕ? ಕಾಲಿನ ಬಾವು ಇಳೀತಾ? ಬಾಯಿ ಕಹಿ ಕಹಿ ಅಂತಿದ್ಯಲ್ಲ, ಈಗ ಅನ್ನ ಸೇರ್ತೈತಾ? ದಿಲ್ಲಿ ಚಳಿ ಇನ್ನೂ ಬಿಟ್ಟಿಲ್ಲ ಅಂತ ರೇಡಿಯೋದಾಗೆ ಹೇಳಿದ್ರು. ಇಲ್ಲಿ ಶಿವರಾತ್ರಿ ಹತ್ರ ಬಂತು, ಮಧ್ಯಾಹ್ನ ಆಗಲೇ ಹೊಳೆ ಕಡೆಯಿಂದ ಬಿಸಿ ಗಾಳಿ ಬರ್ತೈತೆ. ಕಾಗದ ಬರೆಯೋನು ನಾನು, ಆದ್ರೆ ನಿನಗೆ ಕಣ್ಣು ಊದಿ ಅಕ್ಷರ ಕಾಣಲ್ಲ ಅಂತ ಭಾವ ಬರೆದಿದ್ರು. ಅವರು ಓದಿ ಹೇಳಿದ್ರೆ ನನ್ನ ಮಾತು ಅವರ ಮಾತಾಗ್ತೈತೆ. ಅದಕ್ಕೇ ಈ ಕ್ಯಾಸೆಟ್. ರಕ್ತ ತೊಳೆಯೋ ಮಿಷನ್ ಪಕ್ಕ ಅಷ್ಟು ಹೊತ್ತು ಸುಮ್ಮನೆ ಮಲಗಿರ್ತೀಯಲ್ಲ, ಆಗ ಕೇಳು. ಬೇಜಾರಾದ್ರೆ ನಿಲ್ಲಿಸು, ಎದುರಿಗೆ ಕೂತಿದ್ರೆ ನನ್ನ ಬಾಯಿ ನಿಲ್ಲಿಸಾಕೆ ನಿನಗೆ ಆಗ್ತಿರಲಿಲ್ಲ.

ಭಾವ ಕಳಿಸಿದ ಟಿಕೆಟ್ ಬಂತು. ಬರೋ ತಿಂಗಳು ನಿನಗೆ ನನ್ನ ಕಿಡ್ನಿ ಕೂರಿಸ್ತಾರೆ ಅನ್ನೋದೂ ಅದರ ಜೊತೆಗಿನ ಕಾಗದದಾಗೆ ಐತೆ. ದಸರಾ ಹೊತ್ತಿಗೆ ರೈಲಿನಾಗೆ ಬಂದು ರಕ್ತ ಕೊಟ್ಟು ಟೆಸ್ಟ್ ಮಾಡಿಸಿ ಹೋದೆನಲ್ಲ, ಆವಾಗ ನಾನು ಜ್ವರ ಹತ್ತಿಸ್ಕೊಂಡು ಕೆಮ್ಮಿದ್ದಕ್ಕೆ ಡಾಕ್ಟ್ರು ಬೈದಿದ್ರಂತೆ. ಈ ಸಲ ಧೂಳು ನೆಗಡಿ ಏನೂ ಇಲ್ದಂಗೆ ವಿಮಾನದಾಗೆ ಕರೆಸ್ರಿ ಅಂದ್ರಂತೆ. ಅಕ್ಕ, ನಾನು ವಿಮಾನ ನೋಡಿರೋದು ತಲೆ ಎತ್ತಿ. ಒಳಗೆ ಕೂತ್ಕೊಳ್ಳೋದು ಅಂದ್ರೇನೇ ಹೆದ್ರಿಕೆ. ಅದಕ್ಕಿಂತ ದೊಡ್ಡ ಹೆದ್ರಿಕೆ ಇಳಿದ ಮೇಲಿಂದು, ಅದನ್ನೇನು ನಿನಗೆ ಬಿಡಿಸಿ ಹೇಳ್ಬೇಕಾ. ಎಡಗಡೆ ಪಕ್ಕೆ ಕೆಳಗೆ ನನಗೆ ಗೊತ್ತಿಲ್ದಂಗೆ ಕೈ ಹೋಗ್ತೈತೆ. ಉಣ್ಣೋವಾಗ, ವೈರ್ ಸುತ್ತೋವಾಗ, ಬಸ್ಸಿನಾಗೆ ಕೂತಾಗ. ಒಳಗೆ ಒಂದು ಪ್ರಾಣಿ ಮಲಗೈತೆ, ಅದಕ್ಕೆ ಎಚ್ಚರ ಆಗಬಾರದು ಅನ್ನಂಗೆ.

ಭಾವ ಇನ್ನೊಂದು ಬರೆದಿದ್ರು. ಬರೋವಾಗ ಒಂದೇ ಒಂದು ಚೀಲ ತಗೊಂಡು ಬಾ, ಅದೂ ಬೆನ್ನಿಗೆ ಹಾಕೊಳ್ಳೋವಂಥದ್ದು, ಸೀಟಿನ ಕೆಳಗೆ ಹಿಡಿಸಬೇಕು ಅಂತ. ವಿಮಾನದ ಹೊಟ್ಟೆಗೆ ಹಾಕಿದ ಸಾಮಾನು ಕಾಯ್ಕೊಂಡು ನಿಲ್ಲಾಕೆ ನಿನಗೆ ಹಿಂದಿ ಬರಲ್ಲ, ನಾನು ನಿಮ್ಮಕ್ಕನ ಬಿಟ್ಟು ಬರಂಗಿಲ್ಲ, ಆಪರೇಷನ್ ಆದ ಮೇಲೆ ಕೈಯಾಗೆ ಭಾರ ಎತ್ತಂಗಿಲ್ಲ ಅಂತ. ದಸರಾದಾಗೆ ಟ್ರಂಕು, ಚಕ್ಲಿ ಡಬ್ಬ, ಜೋಳದ ಹಿಟ್ಟಿನ ಗಂಟು ಅಂತ ಮದುವೆ ಮನೆಗೆ ಬಂದಂಗೆ ಬಂದಿದ್ದೆನಲ್ಲ, ಭಾವ ಅದನ್ನ ಮರೆತಿಲ್ಲ. ಖರೇ ಹೇಳ್ತೀನಿ, ಚೀಲದ ಚಿಂತೆ ಬಂದಿದ್ದು ಒಳ್ಳೇದೇ ಆತು. ಚೀಲದ ಬಗ್ಗೆ ಯೋಚನೆ ಮಾಡೋವಷ್ಟು ಹೊತ್ತು ಚಾಕುವಿನ ಬಗ್ಗೆ ಯೋಚನೆ ಬರಲ್ಲ.

ಮೊದಲು ತ್ಯಾವಣಿಗೆ ದೊಡ್ಡಣ್ಣನ ಕೇಳಿದೆ. ನಿನಗೆ ಗೊತ್ತಲ್ಲ, ಮಿಲಿಟ್ರಿಯಾಗೆ ಇರೋನು. ರಜಕ್ಕೆ ಬಂದಿದ್ದ, ನಾಡಿದ್ದು ರೈಲಿಗೆ ಹೊಂಟಾನೆ, ಈ ಕ್ಯಾಸೆಟ್ಟೂ ಅವನ ಕೈಯಾಗೇ ಬರೋದು. ಅವರಲ್ಲಿ ಬೆನ್ನಚೀಲಕ್ಕೆ ಪಿಟ್ಟು ಅಂತಾರಂತೆ. ಬೆನ್ನಿಗೆ ಹಾಕ್ಕೊಂಡು ಎದೆ ಮೇಲೊಂದು ಪಟ್ಟಿ, ಸೊಂಟಕ್ಕೊಂದು ಪಟ್ಟಿ ಬಿಗಿದ್ರೆ ಇಡೀ ದಿನ ನಡೆದ್ರೂ ಭಾರ ಗೊತ್ತಾಗಲ್ಲ ಅಂದ. ಸರಿ, ಅವನ ಪಿಟ್ಟುವಿಗೆ ಜೋಳ ತುಂಬಿ ಹಾಕ್ಕೊಂಡೆ. ಎದೆ ಪಟ್ಟಿ ಬಿಗಿದ ತಕ್ಷಣ ಅದರ ಕಬ್ಬಿಣದ ಕೊಂಡಿ ಸರಿಯಾಗಿ ನನ್ನ ಕರಡಿಗೆ ಮೇಲೆ ಕೂತ್ಕಂತು. ಲಿಂಗದ ಕರಡಿಗೆ ಎದೆಗೆ ಒತ್ತಿ ಒತ್ತಿ, ನಾಲ್ಕು ಹೆಜ್ಜೆ ಹಾಕೋದ್ರಾಗೆ ಶಿವದಾರ ಕೊರಳು ಕೊಯ್ಯಾಕೆ ಹತ್ತಿತು. ಬಿಚ್ಚಿ ಕೆಳಗಿಟ್ಟೆ. ದೊಡ್ಡಣ್ಣ ನಕ್ಕ, ಅಣ್ಣಾ, ಸೈನ್ಯದಾಗೆ ಲಿಂಗ ಕಟ್ಟಿದೋರಿಗೆ ಅಂತ ಬೇರೆ ಪಿಟ್ಟು ಹೊಲಿಯಲ್ಲ ಅಂದ. ಅದೂ ಅಲ್ದೆ ಈಗ ವಿಮಾನ ಎತ್ಹಾಕ್ಕೊಂಡು ಹೋಗೋ ಕಾಲ, ಆ ಬಣ್ಣದ ಚೀಲ ಹಾಕ್ಕೊಂಡು ಗಡ್ಡ ಬಿಟ್ಟ ಮುದುಕ ಒಳಗೆ ಹೋದ್ರೆ ಪೊಲೀಸ್ನೋರು ಕರಡಿಗೆ ಬಿಚ್ಚಿಸಿ ನೋಡ್ತಾರೆ ಅಂತ ಇನ್ನೊಂದು ಹೆದ್ರಿಕೆ ಹಾಕಿದ. ಗಡ್ಡ ಮರುದಿನ ಬೆಳಿಗ್ಗೇನೇ ತೆಗೆಸಿ ಬಂದೆ.

ಆಮೇಲೆ ನಮ್ಮ ಬೀದಿ ಮೇಷ್ಟ್ರು ಒಂದು ರೆಕ್ಸಿನ್ ಬ್ಯಾಗ್ ತಂದುಕೊಟ್ರು, ಒಂದೇ ಉದ್ದ ಪಟ್ಟಿ, ಹೆಗಲಿಗೆ ಅಡ್ಡ ಹಾಕೊಳ್ಳೋದು. ನೋಡಾಕೆ ಚೆಂದ. ವಿಮಾನದಾಗೆ ಹೋಗೋರೆಲ್ಲ ಇದನ್ನೇ ಹಾಕ್ತಾರೆ ತಿಪ್ಪೇಶಪ್ಪ ಅಂದ್ರು, ಅವರೂ ವಿಮಾನ ಹತ್ತಿದೋರೇನಲ್ಲ. ಬಲ ಹೆಗಲಿಗೆ ಹಾಕಿದ್ರೆ ಚೀಲ ಬಂದು ಎಡ ಪಕ್ಕೆಗೇ ಬಡೀತೈತೆ. ಡಾಕ್ಟ್ರು ಬೆರಳಿಟ್ಟು ಇಲ್ಲಿ ಕೊಯ್ತೀವಿ ಅಂದ್ರಲ್ಲ, ಅದೇ ಜಾಗಕ್ಕೆ. ಒಂದೊಂದು ಹೆಜ್ಜೆಗೂ ಡಬ್ ಡಬ್. ಸೇತುವೆ ತನಕ ಹೋಗಿ ನೋಡೋಣ ಅಂತ ಹೊಂಟೋನು ಅರ್ಧದಾಗೇ ವಾಪಸ್ ಬಂದೆ. ಬಸ್‌ಸ್ಟ್ಯಾಂಡ್ ಹತ್ರ ಯಾರೋ, ಏನ್ರೀ ಮೈಕ್‌ಸೆಟ್ಟು, ಮನೆಯಿಂದ ಹೊರಗೆ ಹಾಕಿದ್ರಾ ಅಂದ್ರು. ಹೂಂ ಅಂದೆ, ಮಾತು ಬೆಳೆಸಲಿಲ್ಲ. ನಾನು ಮಾತು ಬೆಳೆಸಲಿಲ್ಲ ಅಂದ್ರೆ ನನ್ನ ಸ್ಥಿತಿ ಹೆಂಗಿತ್ತು ಅಂತ ನೀನೇ ತಿಳ್ಕೋ.

ಸ್ವಲ್ಪ ಹೊತ್ತು ನಿಲ್ಲಿಸಿದ್ದೆ, ನ್ಯಾಮತಿಯೋರು ನಾಮಕರಣಕ್ಕೆ ಎರಡು ಹಾರ್ನ್ ಕೇಳ್ಕೊಂಡು ಬಂದಿದ್ರು. ಬರೋ ತಿಂಗಳು ನಾನು ಇರಲ್ಲ, ಈಗಲೇ ಇಟ್ಕೊಂಡು ಹೋಗ್ರಿ ಅಂದೆ. ಎಲ್ಲಿಗೆ ಅಂದ್ರು. ಹಾರ್ನಿನ ವೈರ್ ಸುತ್ತಿ ಕೈಗೆ ಕೊಟ್ಟೆ.

ಕೊನೆಗೆ ಚನ್ನಗಿರಿಗೆ ಹೋದೆ, ಲಾಲ್‌ಸಾಬ್ ಹತ್ರ. ನನ್ನ ಹಾರ್ನ್‌ಗಳಿಗೆ ಗೌಸು ಹೊಲಿಯೋದು ಅವನೇ, ಅಡಿಕೆ ಮಂಡಿಗಳಿಗೆ ತಾಡಪಾಲೂ ಅವನೇ ಹೊಲಿಯೋದು. ಇಪ್ಪತ್ತು ವರ್ಷದ ಸ್ನೇಹ, ಬೈದಾಡ್ಕೊಂಡೇ ಮಾತಾಡ್ತೀವಿ. ಎದೆಗೆ ಪಟ್ಟಿ ಬೇಡ, ಸೊಂಟಕ್ಕೆ ಪಟ್ಟಿ ಬೇಡ, ಎರಡು ಹೆಗಲಿಗೆ ಎರಡು ಅಗಲ ಪಟ್ಟಿ, ಕುರ್ಚಿ ಕೆಳಗೆ ಹಿಡಿಸಬೇಕು ಅಂದೆ. ಸೊಂಟಕ್ಕೆ ಯಾಕೆ ಬೇಡ, ಸೊಂಟಪಟ್ಟಿ ಇದ್ರೆ ನಿನ್ನಂಥ ಸೋಮಾರಿಗೆ ಆರಾಮ ಅಂದ. ಬೇಡ ಅಂದೆ. ಯಾಕೆ ಅಂದ. ಅಲ್ಲಿ ತನಕ ಈ ಊರ ಕಡೆ ಯಾರಿಗೂ ಹೇಳಿರಲಿಲ್ಲ ಅಕ್ಕ. ಮನೆಯಾಗೆ ಹೆಂಡತಿಗೂ ಹೇಳಿರಲಿಲ್ಲ, ಅಕ್ಕನ ನೋಡ್ಕೊಂಡು ಬರಾಕೆ ಹೊಂಟೀನಿ ಅಂತಷ್ಟೇ ಅನ್ನಪೂರ್ಣಂಗೆ ಹೇಳಿದ್ದೆ. ಲಾಲ್‌ಸಾಬ್ ಮುಂದೆ ಬಾಯಿಬಿಟ್ಟೆ. ಅವನು ಮಿಷನ್ ತುಳಿಯೋದು ನಿಲ್ಲಿಸಿದ. ಆಮೇಲೆ ಎದ್ದು ಬಂದು ನನ್ನ ತಿರುಗಿಸಿ ನಿಲ್ಲಿಸಿ ಟೇಪು ಹಿಡಿದು ಬೆನ್ನು ಅಳತೆ ತಗೊಂಡ. ಬಗ್ಗು ಅಂದ, ಬಗ್ಗಿದೆ. ಹಂಗಲ್ಲ ಮಾರಾಯ, ಹೊಲಿಗೆ ಹಾಕಿಸ್ಕೊಂಡೋನು ಹೆಂಗೆ ಬಗ್ತಾನೆ ಹಂಗೆ ಬಗ್ಗು ಅಂದ. ಎಡಗೈ ಪಕ್ಕೆಗೆ ಒತ್ತಿ ಒಂದು ಕಡೆ ವಾಲಿ ನಿಂತೆ. ಅವನು ಹಂಗೇ ಅಳತೆ ತಗೊಂಡ. ಹೋಗೋ ಬೆನ್ನಿಗೆ ಯಾವ ಚೀಲ ಆದ್ರೂ ನಡೀತೈತೆ, ನಾನು ವಾಪಸ್ ಬರೋ ಬೆನ್ನಿಗೆ ಹೊಲೀತೀನಿ ಅಂದ. ಆ ಮಾತಿಗೆ ನನಗೆ ಧೈರ್ಯ ಬರಬೇಕಿತ್ತು, ಆದ್ರೆ ಅವನ ತಾಡಪಾಲು ರಾಶಿ ಮೇಲೇ ಕೂತುಬಿಟ್ಟೆ. ಅವನು ಅದನ್ನ ನೋಡಿದ್ರೂ ನೋಡ್ದಂಗೆ ಟೀ ತರಾಕೆ ಹೋದ.

ಅಲ್ಲಿಂದ ಎಡವಟ್ಟಾಗಿದ್ದು ನೋಡು. ನಾನು ಬಂದು ಇಸ್ಕೊಂಡು ಹೋಗ್ತೀನಿ ಅಂದಿದ್ದೆ, ಅವನು ನನ್ನ ಹೆದ್ರಿಕೆ ನೋಡಿ ಕನಿಕರ ಪಟ್ಟು ಚೀಲ ತಗೊಂಡು ಹೊನ್ನಾಳಿಗೆ ತಾನೇ ಬಂದ. ನಾನು ಅಂಗಡಿಯಾಗಿದ್ದೆ, ಅವನು ನೆಟ್ಟಗೆ ಮನೆಗೆ ಹೋಗ್ಯಾನೆ. ಹೆಂಡತಿಗೆ ಗೊತ್ತಿಲ್ದೆ ಇಂಥ ಕೆಲಸಕ್ಕೆ ಯಾವ ಗಂಡ ಹೊಂಟಾನು ಅಂತ ಅವನ ಲೆಕ್ಕ. ಹೊಲಿಗೆ ಗಾಯ ಒಣಗೋ ತನಕ ಸೊಂಟಕ್ಕೆ ಏನೂ ತಾಗಬಾರದು, ಅದಕ್ಕೇ ಪಟ್ಟಿ ಇಟ್ಟಿಲ್ಲ ತಂಗಿ ಅಂತ ಅನ್ನಪೂರ್ಣಂಗೆ ಹೇಳ್ಯಾನೆ. ನಾನು ಮನೆಗೆ ಹೋದಾಗ ಆಕೆ ಪಡಸಾಲೆಯಾಗೆ ಆ ಚೀಲ ತೊಡೆ ಮೇಲೆ ಇಟ್ಕೊಂಡು ಕೂತಿದ್ಲು. ಅಳ್ತಾಳೆ ಅಂದ್ಕೊಂಡಿದ್ದೆ. ಅಳಲಿಲ್ಲ.

“ಇಷ್ಟು ವರ್ಷ ನಾನು ಉಣ್ಣಾಕಿಟ್ಟು ಬೆಳೆಸಿದ ಮೈ ಅದು. ಅದರಾಗಿಂದು ಕೊಡೋ ಮುಂದೆ ನನ್ನ ಒಂದು ಮಾತು ಕೇಳ್ಬೇಕು ಅನ್ನಿಸಲಿಲ್ವೇನ್ರಿ ನಿಮಗೆ?”

ನೀನು ಬೇಡ ಅಂದ್ರೆ ಅಂತ ಹೆದರಿದ್ದೆ ಅಂದೆ. ಬೇಡ ಅಂತೀನಿ ಅಂತ ನೀವೇ ಹೆಂಗೆ ತೀರ್ಮಾನ ಮಾಡಿದ್ರಿ ಅಂದ್ಲು. ಆಮೇಲೆ ಮಾತು ಬಿಟ್ಲು. ತಾಟು ಇಡ್ತಾಳೆ, ನೀರು ಇಡ್ತಾಳೆ, ಮುಖ ಗೋಡೆ ಕಡೆ. ಮೈಕ್ ಕೊಟ್ರೆ ಊರಿಗೆಲ್ಲ ಕೂಗ್ತಾರೆ, ಮನೆಯಾಗೆ ಹೇಳಾಕೆ ಬಾಯಿಲ್ಲ ಅಂತ ಬೆಕ್ಕಿಗೆ ಹೇಳಿದ್ಲು. ನಿನ್ನೆ ಬೆಳಿಗ್ಗೆ ಎದ್ದು ನೋಡಿದ್ರೆ ಚೀಲದ ಎರಡೂ ಹೆಗಲಪಟ್ಟಿ ಹೊಲಿಗೆ ಬಿಚ್ಚಿ ಹಾಕೀದಾಳೆ. ಹರಿದು ಹಾಕಿದ್ಲು ಅಂದ್ಕೊಂಡೆ. ಹಂಗಲ್ಲ, ಲಾಲ್‌ಸಾಬ್ ತುಂಬಿದ್ದ ಚಿಂದಿ ತೆಗೆದು ಅದರಾಗೆ ಹತ್ತಿ ಅರಳೆ ತುಂಬಿ ತನ್ನ ಕೈಯಾಗೆ ಹೊಲೀತಾ ಇದ್ಲು. ಬೆನ್ನಿಗೆ ತಾಗೋ ಕಡೆ ಕೌದಿ ಹೊಲಿದಂಗೆ ಹಳೇ ಸೀರೆ ಎರಡು ಮಡಿಕೆ ಹಚ್ಚೀದಾಳೆ. ಹಾಕ್ಕೊಳ್ರಿ ನೋಡಾಣ ಅಂದ್ಲು. ಹಾಕ್ಕೊಂಡೆ. ಕೂಸನ್ನ ಬೆನ್ನಿಗೆ ಕೂರಿಸ್ಕೊಂಡಂಗೆ ಆತು ಅಕ್ಕ. ಕರಡಿಗೆಗೆ ಏನೂ ತಾಗಲ್ಲ, ಪಕ್ಕೆಗೆ ಏನೂ ತಾಗಲ್ಲ, ಭಾರ ಎಲ್ಲ ಮೇಲೇ ಕೂರ್ತೈತೆ. ಸೇತುವೆ ದಾಟಿ ಹೋಗಿ ಬಂದೆ. ಚೀಲ ಸರಿ ಹೋಯ್ತು. ನಾನು ಸರಿ ಹೋಗಿಲ್ಲ.

ಎರಡು ಪಂಚೆ, ಎರಡು ಅಂಗಿ, ಸ್ವೆಟರ್, ವಿಭೂತಿ ಗಟ್ಟಿ, ನಿನಗೆ ಅಂತ ಜಗಳೂರಿನಿಂದ ತರಿಸಿದ ಮಠದ ಭಸ್ಮ, ಇಷ್ಟೇ ಇಟ್ಕೊಂಡೀನಿ. ಉಪ್ಪು ನಿನಗೆ ಆಗಲ್ಲ ಅಂತ ಅನ್ನಪೂರ್ಣ ಚಟ್ನಿಪುಡಿ ಇಟ್ಟಿದ್ದನ್ನ ತಾನೇ ಹೊರಗೆ ತೆಗೆದ್ಲು, ಆಮೇಲೆ ಭಾವಂಗೆ ಅಂತ ತಾನೇ ಒಳಗಿಟ್ಲು. ಬೆಂಗಳೂರಿನ ತನಕ ಬಂದು ವಿಮಾನ ಹತ್ತಿಸ್ತೀನಿ ಅಂತಾಳೆ. ಕೊಯ್ಯೋ ಕೋಣೆಗೆ ಹೋಗೋ ಮುಂದೆ ಕರಡಿಗೆ ತೆಗೀರಿ ಅಂತಾರಂತೆ, ನಂದೂ ನಿಂದೂ ಇಬ್ಬರದೂ. ಹುಟ್ಟಿದಾಗಿಂದ ಮೈಮೇಲಿಂದ ಇಳಿಸಿದ್ದಲ್ಲ, ಅದನ್ನ ನೆನೆದ್ರೆ ಕೊಯ್ಯೋದಕ್ಕಿಂತ ಹೆಚ್ಚು ಜೀವ ಹಾರ್ತೈತೆ. ಭಾವ ಎರಡನ್ನೂ ಅಂಗೈಯಾಗೇ ಇಟ್ಕೊಂಡು ಬಾಗಿಲ ಹತ್ರ ಕೂರಬೇಕು, ಮೇಜಿನ ಮೇಲೆ ಇಡಬಾರದು, ಜೇಬಿಗೆ ಹಾಕಬಾರದು. ಇದನ್ನ ನೀನೇ ಅವರಿಗೆ ಹೇಳು, ನಾನು ಹೇಳಿದ್ರೆ ನಗ್ತಾರೆ.

ವಿರೂಪಾಕ್ಷಪ್ಪ ಭಾವಂಗೆ ನನ್ನ ಶರಣು ತಿಳಿಸು. ಅನ್ನಪೂರ್ಣ ನಿನ್ನ ಕಾಲಿಗೆ ಬಿದ್ದೀನಿ ಅಂತ ಹೇಳು ಅಂದಾಳೆ. ನಾನು ಬರೋ ತನಕ ಉಣ್ಣು, ಮಲಗು, ಗಟ್ಟಿಯಾಗಿರು. ದೊಡ್ಡವಳು ನೀನು, ಆಶೀರ್ವಾದ ಅಲ್ಲಿಂದ ಇಲ್ಲಿಗೆ ಬರಬೇಕು, ಇಲ್ಲಿಂದ ಅಲ್ಲಿಗಲ್ಲ.

ಇಂತಿ ನಿನ್ನ ತಮ್ಮ,
ತಿಪ್ಪ

ಅಕ್ಕ, ಕ್ಯಾಸೆಟ್ ತಿರುಗಿಸಿ ಹಾಕೀನಿ. ಕ್ಯಾಸೆಟ್ ಇಸ್ಕೊಳ್ಳಾಕೆ ದೊಡ್ಡಣ್ಣ ಬಂದು ಹೊರಗೆ ನಿಂತಾನೆ, ಬೇಗ ಹೇಳ್ತೀನಿ. ಇದನ್ನ ನೀನೊಬ್ಬಳೇ ಕೇಳು. ದಸರಾದಾಗೆ ಟೆಸ್ಟ್ ಎಲ್ಲ ಮುಗಿದ ಮೇಲೆ ಆ ಡಾಕ್ಟ್ರು ನನ್ನೊಬ್ಬನ್ನೇ ಒಳಗೆ ಕರೆದಿದ್ರು. ಮಂಗಳೂರು ಕಡೆ ನರ್ಸಮ್ಮ ಕನ್ನಡದಾಗೆ ಬಿಡಿಸಿ ಹೇಳಿದ್ಲು. ಎಲ್ಲ ಹೊಂದೈತೆ, ಆದ್ರೂ ಕೊಯ್ಯೋ ದಿನ ಬೆಳಿಗ್ಗೆ ಇನ್ನೊಂದು ಸಲ ನಿಮ್ಮೊಬ್ಬರನ್ನೇ ಕೇಳ್ತೀವಿ, ಮನಸ್ಸಿಲ್ಲ ಅಂದ್ರೆ ನಮಗಷ್ಟೇ ಹೇಳ್ರಿ, ಹೊಂದಲಿಲ್ಲ ಅಂತ ನಾವೇ ಅವರಿಗೆ ಹೇಳ್ತೀವಿ, ನೀವು ಹೆದರಿದ್ರಿ ಅಂತ ಯಾರಿಗೂ ಗೊತ್ತಾಗಲ್ಲ ಅಂತ. ಅವತ್ತಿಂದ ನನ್ನ ತಲೆಯಾಗೆ ಆ ಬಾಗಿಲು ತೆರೆದೇ ಐತೆ ಅಕ್ಕ. ದಿನಾ ಒಂದು ಸಲ ಅದರ ಹತ್ರ ಹೋಗಿ ನಿಂತು ಬರ್ತೀನಿ. ನನ್ನ ಬಾಯಿ ಮೇಲೆ ನನಗೆ ನಂಬಿಕೆ ಇಲ್ಲ, ಅವತ್ತು ಬೆಳಿಗ್ಗೆ ಅದು ಏನು ಅಂತೈತೋ. ಅದಕ್ಕೇ ಈಗಲೇ ನಿನಗೆ ಹೇಳ್ತಾ ಇದೀನಿ. ನಂದು ಹೊಂದೈತೆ. ಡಾಕ್ಟ್ರು ಬಂದು ಹೊಂದಲಿಲ್ಲಮ್ಮ ಅಂದ್ರೆ ನಂಬಬೇಡ, ನಿನ್ನ ತಮ್ಮ ಹೆದರ್ಯಾನೆ ಅಂತ ಅರ್ಥ. ಬೈಬೇಡ. ಭಾವನ್ನ ಕಳಿಸು. ನಾನು ಎಲ್ಲೂ ಹೋಗಿರಲ್ಲ, ಹೊರಗೆ ಬೆಂಚಿನ ಮೇಲೆ ಚೀಲ ಹಾಕ್ಕೊಂಡು ಕೂತಿರ್ತೀನಿ. ಅಕ್ಕ ಕರೀತಾಳೆ ಅಂತ ಅಂದ್ರೆ ಸಾಕು, ಎದ್ದು ಬರ್ತೀನಿ.