ಎದುರು ಕುರ್ಚಿಯ ಕಾಜಾರಾಜ

ಮಾರ್ಚ್ ೪, ಮಂಗಳವಾರ

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರಗಳು.

ನಿನ್ನ ಮೂರು ಪತ್ರಗಳೂ ತಲುಪಿವೆ. ಒಂದಕ್ಕೂ ಉತ್ತರವಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ನ್ಯಾಯವೇ. ನಾಲ್ಕು ಸಲ ಬರೆಯಲು ಕೂತೆ. ‘ಇಲ್ಲಿ ಎಲ್ಲರೂ ಕ್ಷೇಮ’ ಎನ್ನುವಲ್ಲಿಗೆ ಬಂದು ಪೆನ್ನು ನಿಲ್ಲುತ್ತಿತ್ತು. ಎಲ್ಲರೂ ಎನ್ನಲು ಈ ಮನೆಯಲ್ಲಿ ಈಗ ನಾನೊಬ್ಬಳೇ ತಾನೆ. ಫೋನು ಮಾಡೋಣವೆಂದರೆ ನಿನ್ನ ಸೊಸೆ ಸ್ಪೀಕರಿಗೆ ಹಾಕಿ ಅಡುಗೆಕಟ್ಟೆಯ ಮೇಲಿಡುತ್ತಾಳೆ. ಅವಳು ಒಳ್ಳೆಯವಳೇ, ಆದರೆ ಇದು ಕುಕ್ಕರಿನ ಸೀಟಿಯ ನಡುವೆ ಆಡುವ ಮಾತಲ್ಲ. ನಿನ್ನ ಮಂಡಿನೋವು ಹೇಗಿದೆ? ಮೊಮ್ಮಗು ಗೋಡೆ ಹಿಡಿದು ಹೆಜ್ಜೆಯಿಡುತ್ತಿದೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಒಂದು ಗಳಿಗೆ ನಕ್ಕಿದ್ದೆ.

ಮಗನ ಸುದ್ದಿ ಕೇಳಿದ್ದೀಯ. ಅವನು ಮನೆ ಬಿಟ್ಟು ಇವತ್ತಿಗೆ ಐದು ತಿಂಗಳು ಒಂಬತ್ತು ದಿನ. ನಿನಗೆ ಅರ್ಧ ಮಾತ್ರ ಗೊತ್ತು, ಉಳಿದರ್ಧ ಈಗ ಕೇಳು. ಲಿಫ್ಟ್ ರಿಪೇರಿಯ ಕೆಲಸದಲ್ಲಿ ಚೆನ್ನಾಗಿಯೇ ಇದ್ದ. ಫೋನಿನಲ್ಲಿ ದುಡ್ಡಿಟ್ಟು ರಮ್ಮಿ ಆಡುವ ಚಟ ಯಾವಾಗ ಅಂಟಿತೋ ನನಗೆ ತಿಳಿಯಲೇ ಇಲ್ಲ. ಊಟಕ್ಕೆ ಕೂತಾಗಲೂ ಅವನ ಹೆಬ್ಬೆರಳು ಫೋನಿನ ಮೇಲೆ ಓಡಾಡುತ್ತಿತ್ತು. ಯಾವುದೋ ಹುಡುಗಿ ಇರಬೇಕು ಎಂದುಕೊಂಡು ಒಳಗೊಳಗೇ ಖುಷಿಪಟ್ಟವಳು ನಾನು. ಸಂಬಳ ಹೋಯಿತು, ನನ್ನ ಬಳೆ ಹೋಯಿತು, ಕೊನೆಗೆ ಗಿರಾಕಿಗಳು ಕಂಪನಿಗೆಂದು ಅವನ ಕೈಯಲ್ಲಿ ಕೊಟ್ಟದ್ದೂ ಹೋಯಿತು. ಕಂಪನಿಯವರು ಕೆಲಸದಿಂದ ತೆಗೆದರು. ಮಾರನೆಯ ದಿನವೇ ಅವನು ಮನೆ ಬಿಟ್ಟ.

ಠಾಣೆಗೆ ಹೋದೆ. ಇಪ್ಪತ್ತಾರು ವರ್ಷದ ಗಂಡಸನ್ನು ಎಲ್ಲಿಂದ ಹಿಡಿದು ತರುವುದು, ಕೈಯಲ್ಲಿದ್ದದ್ದು ಖಾಲಿಯಾದರೆ ಅವನೇ ಬರುತ್ತಾನೆ ಎಂದರು. ಆಸ್ಪತ್ರೆಗಳನ್ನು ಅಲೆದೆ. ಎರಡು ಸಲ ಶವಾಗಾರದ ಬಾಗಿಲಲ್ಲೂ ನಿಂತು ಬಂದಿದ್ದೇನೆ ಅಕ್ಕ. ಬಟ್ಟೆ ಸರಿಸಿ ತೋರಿಸುವಾಗ, ನನ್ನವನಲ್ಲ ಎಂದು ಗೊತ್ತಾದ ಕೂಡಲೇ ಬರುವ ನೆಮ್ಮದಿ ಇದೆಯಲ್ಲ, ಇನ್ನೊಬ್ಬ ತಾಯಿಯ ಮಗನ ಮುಖದ ಎದುರು ನಿಂತು ಪಡುವ ಆ ನೆಮ್ಮದಿ, ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಅವನ ಜೊತೆ ಕೆಲಸಕ್ಕಿದ್ದವನು ನಾನು ಕೆಲಸ ಮಾಡುವ ಅಂಗಡಿಗೆ ಬಂದ. ಎಲ್ಲರೂ ಅವನನ್ನು ಗ್ರೀಸ್ ಎಂದೇ ಕರೆಯುತ್ತಾರೆ. ಕೈ ಎಷ್ಟು ತೊಳೆದರೂ ಉಗುರಿನ ಕಪ್ಪು ಹೋಗದು, ಪಾಪ. ಅವನು ತನ್ನ ಫೋನಿನಲ್ಲಿ ಆ ರಮ್ಮಿ ಆಟ ತೆರೆದು ಒಂದು ಹೆಸರು ತೋರಿಸಿದ. ಕಾಜಾರಾಜ. ನಾನು ಟೈಲರ್ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ತೆಗೆದು ಗುಂಡಿ ಹೊಲಿಯುವವಳಲ್ಲವೇ, ನನ್ನ ಕೆಲಸದ ಹೆಸರಿಟ್ಟುಕೊಂಡು ಆಡುತ್ತಿದ್ದನಂತೆ. ಆ ಹೆಸರಿನ ಪಕ್ಕದಲ್ಲಿ ಸಾಸಿವೆಯಷ್ಟು ಹಸಿರು ಚುಕ್ಕೆ ಇತ್ತು. “ಈ ಚುಕ್ಕೆ ಇದ್ರೆ ಈಗ ಆಡ್ತಾ ಇದಾನೆ ಅಂತಮ್ಮ. ಎಲ್ಲಿದಾನೋ ಗೊತ್ತಿಲ್ಲ, ಇದಾನೆ ಅಷ್ಟೇ” ಎಂದ. ಮನೆ ಹಾಳು ಮಾಡಿದ ಆಟ ಇನ್ನೂ ಬಿಟ್ಟಿಲ್ಲವಲ್ಲ ಎಂದು ಎದೆ ಬಡಿದುಕೊಳ್ಳಬೇಕಿತ್ತು. ನಾನು ಆ ಚುಕ್ಕೆಯನ್ನು ಕಣ್ಣಿಗೊತ್ತಿಕೊಂಡೆ.

ಅದರೊಳಗೆ ಪತ್ರ ಕಳಿಸಲು ಬರುವುದಿಲ್ಲ. ಮಾತಾಡಬೇಕೆಂದರೆ ಒಂದೇ ದಾರಿ, ಅವನು ಕೂತ ಮೇಜಿಗೆ ಹೋಗಿ ಕೂರುವುದು. ಯಾರ ಎದುರು ಯಾರನ್ನು ಕೂರಿಸುವುದೋ ಅದು ಯಂತ್ರದ ಮರ್ಜಿ. ಆದರೆ ಇಬ್ಬರೇ ಆಡುವ ಮೇಜು, ಅವನು ಕಟ್ಟುವಷ್ಟೇ ಪಣ, ಅವನು ಬರುವ ಹೊತ್ತು, ಮೂರೂ ಕೂಡಿದರೆ ಎಂದಾದರೊಂದು ದಿನ ಸಿಕ್ಕಾನು ಎಂದ ಗ್ರೀಸ್. ಹಾಗಾಗಿ, ಅಕ್ಕ, ಎಲೆ ಮುಟ್ಟಿದರೆ ಅಪ್ಪ ಕೈ ಮುರಿಯುತ್ತಿದ್ದ ಮನೆಯಲ್ಲಿ ಬೆಳೆದ ನಿನ್ನ ತಂಗಿ ಐವತ್ತೆರಡನೆಯ ವಯಸ್ಸಿನಲ್ಲಿ ಇಸ್ಪೀಟು ಕಲಿತಳು.

ಕಲಿಸಿದವರು ನಮ್ಮ ಅಂಗಡಿಯ ಮಾಸ್ಟರ್. ಊಟದ ಹೊತ್ತಿನಲ್ಲಿ ಷಟರ್ ಅರ್ಧ ಇಳಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಳೆಯ ಎಲೆಗಳನ್ನು ಹರಡಿ ಪಾಠ ಹೇಳುತ್ತಿದ್ದರು. ಹದಿಮೂರು ಎಲೆ. ಒಂದೇ ಜಾತಿಯ ಮೂರು ಎಲೆಗಳಾದರೂ ಜೋಕರಿಲ್ಲದೆ ಸಾಲಾಗಿ ಕೂಡಬೇಕು, ಇಲ್ಲದಿದ್ದರೆ ಉಳಿದದ್ದೆಲ್ಲ ಕೂಡಿದರೂ ದಂಡ. ನನಗೆ ಕಳಾವರ್ ಯಾವುದು ಇಸ್ಪೀಟು ಯಾವುದು ಎಂದು ತಿಳಿಯಲು ಒಂದು ವಾರ ಹಿಡಿಯಿತು. ರಾಜ ರಾಣಿಯರನ್ನು ಎಸೆಯಲು ಮನಸ್ಸೇ ಬರುತ್ತಿರಲಿಲ್ಲ. “ಮುಖ ನೋಡಿ ಇಟ್ಕೋಬೇಡಿ ಅಮ್ಮ, ಕೊನೇಲಿ ಇವರೇ ನಿಮ್ಮನ್ನ ಮುಳುಗಿಸೋದು” ಎನ್ನುತ್ತಿದ್ದರು ಮಾಸ್ಟರ್. ಫೋನಿನಲ್ಲಿ ನನ್ನ ಹೆಸರನ್ನು ‘ಕಾಜಾ ಅಮ್ಮ’ ಎಂದು ಗ್ರೀಸ್ ಕೈಯಿಂದ ಬರೆಸಿದೆ, ಎದುರು ಕೂತರೆ ಅವನಿಗೆ ತಿಳಿಯಲಿ ಎಂದು.

ಈಗ ಎರಡು ತಿಂಗಳಿಂದ ಆಡುತ್ತಿದ್ದೇನೆ. ಯಾರು ಯಾರೋ ಬರುತ್ತಾರೆ, ಸಿಂಹ, ಹುಲಿ, ಲಕ್ಕಿ ಮಾವ. ಸೋಲುತ್ತೇನೆ, ಮುಂದಿನ ಮೇಜಿಗೆ ಹೋಗುತ್ತೇನೆ. ಮುಳುಗಿದವಳಿಗೆ ಚಳಿಯೇನು ಗಾಳಿಯೇನು. ಆದರೆ ಇನ್ನೊಂದು ಮಾತಿದೆ, ಯಾರಿಗೂ ಹೇಳಬೇಡ. ಹೋದ ವಾರ ಒಂದು ದಿನ ಸತತವಾಗಿ ಐದು ಆಟ ಗೆದ್ದೆ. ಆರನೆಯದಕ್ಕೆ ಎಲೆ ಬಿದ್ದಾಗ ಕೈ ಬಿಸಿಯಾಗಿತ್ತು, ಬಾಯಿ ಒಣಗಿತ್ತು. ಮಾಸ್ಟರ್ ಕೂಗಿದ್ದು ಕಿವಿಗೆ ಬೀಳಲಿಲ್ಲ. ಹನ್ನೆರಡು ಅಂಗಿ ಕಾಜಾಕ್ಕೆ ಕಾಯುತ್ತಿದ್ದವು. ಆಟ ಮುಗಿದ ಮೇಲೆ ನೆನಪಾಯಿತು, ಅಷ್ಟು ಹೊತ್ತು ನಾನು ಮಗನ ಹಸಿರು ಚುಕ್ಕೆಯನ್ನು ಒಮ್ಮೆಯೂ ನೋಡಿರಲಿಲ್ಲ. ಅವನ ಮೇಲಿದ್ದ ಸಿಟ್ಟು ಅವತ್ತು ಹೋಯಿತು. ಅದು ಹೋದದ್ದೇ ನನಗೆ ಹೆದರಿಕೆ. ಸಿಟ್ಟಿದ್ದಷ್ಟು ದಿನ ಅದಕ್ಕಾದರೂ ಒರಗಿಕೊಂಡು ನಿಂತಿದ್ದೆ.

ಗಿರಾಕಿ ಬಂದರು, ಇಲ್ಲಿಗೆ ನಿಲ್ಲಿಸುತ್ತೇನೆ.

ಮಾರ್ಚ್ ೧೧

ಅಕ್ಕ, ಒಂದು ವಾರ ಈ ಕಾಗದ ಅಂಗಡಿಯ ದಾರದ ಡಬ್ಬಿಯಲ್ಲೇ ಇತ್ತು. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ಅವನು ಸಿಕ್ಕಿದ.

ಶುಕ್ರವಾರ ಮಧ್ಯಾಹ್ನ ಎರಡೂವರೆ. ಮಾಸ್ಟರ್ ಊಟದ ಡಬ್ಬಿ ಬಿಚ್ಚುತ್ತಿದ್ದರು, ನಾನು ಹೊಸ ಮೇಜಿಗೆ ಕೂತೆ. ಎದುರು ಕುರ್ಚಿಯಲ್ಲಿ ಕಾಜಾರಾಜ. ಮೊದಲ ಸರದಿ ನನ್ನದು, ಮೂವತ್ತು ಸೆಕೆಂಡು. ನಾನು ಎಲೆ ನೋಡಲೇ ಇಲ್ಲ, ಆ ಹೆಸರನ್ನೇ ನೋಡುತ್ತಿದ್ದೆ. ಹೊತ್ತು ಮೀರಿ ಸರದಿ ಅವನಿಗೆ ಹೋಯಿತು. ಅವನು ಸರಕ್ಕನೆ ಒಂದೆಲೆ ಎತ್ತಿ ಒಂದೆಲೆ ಎಸೆದ, ಆಡಿ ಆಡಿ ಪಳಗಿದ ಕೈ. ನನ್ನ ಹೆಸರನ್ನು ಇನ್ನೂ ಓದಿರಲಿಲ್ಲ ಎಂದು ಕಾಣುತ್ತದೆ.

ಆ ಮೇಜಿನಲ್ಲಿ ನಮ್ಮ ಮಾತು ಬರೆಯಲು ಬಿಡುವುದಿಲ್ಲ. ಅವರೇ ಬರೆದಿಟ್ಟ ನಾಲ್ಕು ಮಾತುಗಳಿವೆ, ಒತ್ತಿದರೆ ಎದುರಿನವರಿಗೆ ಹೋಗುತ್ತದೆ. ‘ನಮಸ್ಕಾರ.’ ‘ಬೇಗ ಆಡಿ.’ ‘ಚೆನ್ನಾಗಿ ಆಡಿದಿರಿ.’ ‘ಮತ್ತೆ ಸಿಗೋಣ.’ ಐದು ತಿಂಗಳು ಎದೆಯಲ್ಲಿ ಕಟ್ಟಿಟ್ಟುಕೊಂಡದ್ದನ್ನು ಈ ನಾಲ್ಕರಲ್ಲಿ ಹೇಗೆ ತುರುಕಲಿ? ಕೈಗೆ ಸಿಕ್ಕ ಎಲೆಯೊಂದನ್ನು ಎಸೆದು ‘ನಮಸ್ಕಾರ’ ಒತ್ತಿದೆ. ಹೆತ್ತ ಮಗನಿಗೆ.

ಅವನ ಕೈ ನಿಂತಿತು. ಸರದಿ ಅವನದು, ಗಡಿಯಾರ ಸುತ್ತುತ್ತಿದೆ, ಅವನು ಏನೂ ಆಡುತ್ತಿಲ್ಲ. ಮೂವತ್ತು ಸೆಕೆಂಡು ಮುಗಿಯಿತು. ನಾನೊಂದು ಎಲೆ ಎಸೆದೆ. ಮತ್ತೆ ಅವನ ಸರದಿ, ಮತ್ತೆ ಮೂವತ್ತು. ಎಲ್ಲಿ ಕೂತಿದ್ದನೋ, ಏನು ಉಟ್ಟಿದ್ದನೋ, ಊಟ ಮಾಡಿದ್ದನೋ. ‘ಮತ್ತೆ ಸಿಗೋಣ’ ಎನ್ನುವುದನ್ನು ಒತ್ತಲು ಹೋದೆ. ಮೂವತ್ತು ವರ್ಷ ಸೂಜಿ ಹಿಡಿದ ಬೆರಳು, ಎಂದೂ ತಪ್ಪದ್ದು, ಅವತ್ತು ತಪ್ಪಿತು. ‘ಬೇಗ ಆಡಿ’ ಎಂದು ಹೋಯಿತು.

ಕೂಡಲೇ ಅವನು ಆಡಿದ. ಜೋಕರ್ ಎಸೆದ. ಮುಂದಿನ ಸರದಿಗೆ ಇನ್ನೊಂದು ಜೋಕರ್. ನನ್ನ ಬೆನ್ನ ಹಿಂದೆ ಮಾಸ್ಟರ್ ಬಂದು ನಿಂತಿದ್ದರು, ಕೈಯಲ್ಲಿ ತುತ್ತು ಹಾಗೇ ಇತ್ತು. “ಜೋಕರ್ ಯಾರೂ ಎಸೆಯೋದಿಲ್ಲ ಅಮ್ಮ,” ಎಂದರು ಮೆಲ್ಲಗೆ, “ಅವನು ನಿಮಗೆ ಗೆಲ್ಲೋಕೆ ಬಿಡ್ತಾ ಇದಾನೆ.” ಆಮೇಲೆ ಅವನ ಕಡೆಯಿಂದ ಒಂದು ಮಾತು ಬಂತು. ‘ಚೆನ್ನಾಗಿ ಆಡಿದಿರಿ.’ ಕುರ್ಚಿ ಖಾಲಿಯಾಯಿತು. ಪರದೆಯ ತುಂಬ ಬಣ್ಣದ ಕಾಗದ ಉದುರಿ, ನೀವು ಗೆದ್ದಿರಿ ಎಂದು ಬಂತು. ಅವನ ಪಣ ನನ್ನ ಲೆಕ್ಕಕ್ಕೆ ಬಿತ್ತು.

ಅವತ್ತಿನಿಂದ ಆ ಹೆಸರಿಲ್ಲ. ಗ್ರೀಸ್ ಹುಡುಕಿದ, ಹೀಗೊಬ್ಬರು ಇಲ್ಲ ಎಂದು ತೋರಿಸುತ್ತಿದೆಯಂತೆ. ಅಮ್ಮ ಬಂದಳೆಂದು ಆಟವನ್ನೇ ಬಿಟ್ಟಿರಬಹುದಲ್ಲ, ಒಳ್ಳೆಯದೇ ಆಯಿತೆನ್ನಿ ಎಂದು ಮಾಸ್ಟರ್ ಸಮಾಧಾನ ಹೇಳುತ್ತಾರೆ. ಇರಬಹುದು. ಬೇರೆ ಹೆಸರಿನಲ್ಲಿ ಆಡುತ್ತಿರಬಹುದು. ಇನ್ನೂ ಏನೇನೋ ಇರಬಹುದು, ಅದನ್ನು ಬರೆಯಲಾರೆ. ಅವನು ಇದ್ದಾನೆಂದು ನನಗೆ ಹೇಳುತ್ತಿದ್ದದ್ದು ಸಾಸಿವೆಯಷ್ಟು ಬೆಳಕು. ಅದನ್ನು ನಾನೇ ಹೋಗಿ ಊದಿ ಆರಿಸಿ ಬಂದೆ.

ಅವನು ನಿನ್ನಲ್ಲಿಗೆ ಬಂದರೂ ಬರಬಹುದು, ದೊಡ್ಡಮ್ಮ ಎಂದರೆ ಅವನಿಗೆ ಮೊದಲಿಂದಲೂ ಪ್ರಾಣ. ಬಂದರೆ ಏನೂ ಕೇಳಬೇಡ, ಬುದ್ಧಿ ಹೇಳಬೇಡ. ತಟ್ಟೆ ಹಾಕು. ನನಗೆ ತಿಳಿಸಬೇಡ ಎಂದು ಅವನು ಹೇಳಿದರೆ ತಿಳಿಸಲೂ ಬೇಡ. ಪತ್ರದಲ್ಲಿ ‘ಮಂಡಿನೋವು ವಾಸಿ’ ಎಂದು ಒಂದು ಸಾಲು ಬರೆ ಸಾಕು, ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಮೊಮ್ಮಗುವಿಗೆ ನೂರು ವರ್ಷ ಆಯಸ್ಸಾಗಲಿ, ಬಿದ್ದರೂ ಎದ್ದು ನಡೆಯಲಿ. ಸೊಸೆಗೂ ಮಗನಿಗೂ ನನ್ನ ಆಶೀರ್ವಾದ. ನೀನು ನನ್ನ ತಲೆಯ ಮೇಲೆ ಕೈಯಿಟ್ಟಿದ್ದೀಯ ಎಂದುಕೊಂಡು ಮುಗಿಸುತ್ತೇನೆ.

ಇಂತು ನಿನ್ನ ತಂಗಿ
ಚಿಕ್ಕಿ

ಮ.ವಿ: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಅವನು ಹೇಳದೆ ಕೇಳದೆ ಹೋದ ಎಂದು ಠಾಣೆಯಲ್ಲಿ ಬರೆಸಿದ್ದೇನೆ, ನಿನಗೂ ಹಾಗೇ ಹೇಳಿಸಿದ್ದೆ. ಅದು ಸುಳ್ಳು. ಬೆಳಗ್ಗೆ ಜಗಳವಾಡಿ ಹೊರಟವನು ಹನ್ನೊಂದು ಗಂಟೆಗೆ ವಾಪಸು ಬಂದಿದ್ದ. ನಾನು ಒಳಗಿನಿಂದ ಚಿಲಕ ಹಾಕಿದ್ದೆ. “ಅಮ್ಮಾ, ಒಂದ್ಸಲ ಬಾಗಿಲು ತೆಗಿ, ಏನೂ ಕೇಳಲ್ಲ ನಾನು” ಎಂದ. ನಾನು ಹೊಲಿಗೆ ಮೆಷಿನ್ ಮುಂದೆ ಕೂತಿದ್ದೆ. ಸೂಜಿಯಲ್ಲಿ ದಾರವಿರಲಿಲ್ಲ, ಕೆಳಗೆ ಬಟ್ಟೆಯಿರಲಿಲ್ಲ. ಅವನ ದನಿ ಕೇಳಿಸಬಾರದೆಂದು ಬರೀ ಮೆಷಿನ್ ತುಳಿಯುತ್ತಿದ್ದೆ. ಎಷ್ಟು ಹೊತ್ತು ನಿಂತಿದ್ದನೋ ಗೊತ್ತಿಲ್ಲ. ನಾನು ತುಳಿಯುವುದನ್ನು ನಿಲ್ಲಿಸಿದಾಗ ಹೊರಗೆ ಯಾರೂ ಇರಲಿಲ್ಲ.