ಸೊಂಟಪಟ್ಟಿಯ ಮೇಲಿನ ಸಾಲು

ಮಾರ್ಚ್ 4, ಬೆಳಿಗ್ಗೆ 6:50

ರೇಡಿಯೊದಲ್ಲಿ ಬರುವ ಬೆಳಗಿನ ಕಸರತ್ತು ಮುಗಿಯಿತು. ಅನ್ನ ಕುಕ್ಕರಿನಲ್ಲಿ. ಕೆಳಗೆ ಕ್ಷೌರದಂಗಡಿಯಲ್ಲಿ ಯಜಮಾನರು ಟವೆಲ್ ಬಿಸಿಗಿಡುವ ಸದ್ದು.

ಟೋಕಿಯೊದಿಂದ ಸಂಪಾದಕ ಹಿದಾಕಾ ಅವರ ಮೇಲ್, ಮತ್ತೆ. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಲೇಖಕಿಯ ಪರಿಚಯ ಬೇಕಂತೆ. ನೀವು ಯಾರು, ಯಾಕೆ ಬರೆಯುತ್ತೀರಿ. ಮಂದಿಯ ಬದುಕು ತಿದ್ದಲು ಹೊರಟವಳಿಗೆ ತನ್ನ ಹೆಸರಿನ ಮುಂದೆ ಏನು ಬರೆಯಬೇಕೆಂದು ಗೊತ್ತಿಲ್ಲ. ನಾಚಿಕೆಗೇಡು.

ಬರೆದದ್ದು: ಹೆಸರು ಕಿನುಯೊ. ವಯಸ್ಸು ಐವತ್ತೆಂಟು. ಯೊನಾಗೊ ಊರಿನ ಕ್ಷೌರಿಕನ ಹೆಂಡತಿ. ಇಪ್ಪತ್ತೊಂಬತ್ತು ವರ್ಷ ಅಂಗಡಿಯಲ್ಲಿ ಕೂದಲು ಗುಡಿಸುತ್ತಾ, ಗಂಡ ಗಿರಾಕಿಗಳ ಮಾತಿಗೆ ಕಿವಿಗೊಡುವ ರೀತಿ ನೋಡಿದೆ. ಕೇಳುವುದು ಹೇಗೆಂದು ಕಲಿತದ್ದು ಅಲ್ಲೇ. ಅದನ್ನೇ ಬರೆದೆ.

ಇರುವ ಸತ್ಯ ಇಷ್ಟೇ. ಕಳಿಸಿದೆ.

ಮಾರ್ಚ್ 6

ಹಿದಾಕಾ ಉತ್ತರ: ಚೆನ್ನಾಗಿದೆ, ಆದರೆ ಇದರಲ್ಲಿ ಗಾಯ ಇಲ್ಲ. ಓದುಗರು ಗಾಯ ಕೇಳುತ್ತಾರೆ.

ಗಾಯ! ಇಷ್ಟು ವರ್ಷದಲ್ಲಿ ಇವರ ಕತ್ತಿ ಒಬ್ಬರ ಕಿವಿಗೂ ತಾಗಿಲ್ಲ. ನಾನೆಲ್ಲಿಂದ ಗಾಯ ತರಲಿ?

ಮಧ್ಯಾಹ್ನ ಊಟಕ್ಕೆ ಕೂತಾಗ ಯಜಮಾನರಿಗೆ ಎಲ್ಲ ಹೇಳಿದೆ. ಮೊದಲಿನಿಂದ ಕೊನೆಯವರೆಗೆ. ಇವರು ಟಿವಿಯಲ್ಲಿ ಹವಾಮಾನ ನೋಡುತ್ತಿದ್ದರು.

"ಏನಂದೆ?"

"ಏನಿಲ್ಲ ಬಿಡಿ."

"ಉಪ್ಪಿನಕಾಯಿ ಇತ್ತ ತಳ್ಳು."

ಮನೆಗೆ ಮಾರಿ, ಊರಿಗೆ ಉಪಕಾರಿ. ಸಿಟ್ಟು ನೆತ್ತಿಗೇರಿತು. ಹಿದಾಕಾಗೆ ಒಂದೇ ಸಾಲು ಟೈಪ್ ಮಾಡಿದೆ— ಮನೆಯಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ, ಅದಕ್ಕೇ ಬರೆಯುತ್ತೇನೆ, ಸಾಕೇ? ಕಳಿಸಿಯೂ ಬಿಟ್ಟೆ. ತಮಾಷೆ ಎಂದು ತಿಳಿಯುತ್ತಾನೆ, ಓದಿದವನಲ್ಲವೆ.

ಏಪ್ರಿಲ್ 22

ಪುಸ್ತಕ ಬಂತು. ಹತ್ತು ಪ್ರತಿ. 'ಮೊದಲು ಕಿವಿ, ಆಮೇಲೆ ಬಾಯಿ'. ಮುಖಪುಟ ತಿಳಿಹಸಿರು, ಚೆಂದ. ಆದರೆ ಪುಸ್ತಕದ ಸೊಂಟಕ್ಕೆ ಸುತ್ತಿದ ಕೆಂಪು ಕಾಗದದ ಪಟ್ಟಿ… ಅದರ ಮೇಲೆ ಹೆಬ್ಬೆರಳು ಗಾತ್ರದ ಅಕ್ಷರ: "ಇಪ್ಪತ್ತೊಂಬತ್ತು ವರ್ಷ. ಮನೆಯಲ್ಲಿ ನನ್ನ ಮಾತು ಯಾರೂ ಕೇಳಲಿಲ್ಲ."

ಒಳಗಿನ ಪರಿಚಯದಲ್ಲಿ ಯಜಮಾನರ ಸುಳಿವೇ ಇಲ್ಲ. ಗುಡಿಸಿದ್ದು ಮಾತ್ರ ಇದೆ, ಒಂಟಿಯಾಗಿ, ಮೌನವಾಗಿ ಗುಡಿಸಿದಳಂತೆ. ಫೋನ್ ಮಾಡಿದೆ.

"ನಿಮ್ಮದೇ ಸಾಲು, ಗುರುಗಳೇ."

"ಅದು ಸಿಟ್ಟಲ್ಲಿ ಬರೆದಿದ್ದು ಕಣ್ರೀ!"

"ಅದಕ್ಕೇ ಚೆನ್ನಾಗಿರೋದು. ಮಿಕ್ಕಿದ್ದೆಲ್ಲ ಯೋಚನೆ ಮಾಡಿ ಬರೆದಿದ್ದೀರಿ."

"ನಮ್ಮ ಯಜಮಾನ್ರನ್ನ ಯಾಕೆ ತೆಗೆದ್ರಿ?"

"ಸ್ವಂತ ಕಾಲ ಮೇಲೆ ನಿಂತ ಹೆಂಗಸಿನ ಕತೇಲಿ ಗಂಡ ಯಾಕೆ, ಗುರುಗಳೇ?"

ಗುರುಗಳಂತೆ ಗುರುಗಳು! ಪುಸ್ತಕ ಬರೆದವರನ್ನೆಲ್ಲ ಹೀಗೇ ಕರೆಯುತ್ತಾರೆ. ಹತ್ತೂ ಪಟ್ಟಿ ಬಿಚ್ಚಿ ಅಕ್ಕಿ ಡಬ್ಬದ ಹಿಂದೆ ತುರುಕಿದೆ. ಬರೀ ಪುಸ್ತಕವನ್ನು ಯಜಮಾನರಿಗೆ ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡರು. ಅಂಗಡಿಯಲ್ಲಿ ಬಾಚಣಿಗೆಗಳ ಪಕ್ಕ ನಿಲ್ಲಿಸಿ, ಬಂದವರಿಗೆಲ್ಲ ಒಂದೇ ಮಾತು: "ನಮ್ ಮನೆಯವಳು ಬರ್ದಿದ್ದು."

ಏಪ್ರಿಲ್ 24

ಮೀನಂಗಡಿಯ ನೊತ್ಸು ಸ್ಟೇಷನ್ ಪಕ್ಕದಲ್ಲಿ ಪುಸ್ತಕ ಕೊಂಡು ತಂದಿದ್ದಾನೆ. ಪಟ್ಟಿ ಸಮೇತ. ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ಓದಿ, ಯಜಮಾನರನ್ನು ಕೇಳಿದ.

"ಏನಯ್ಯಾ ತೆತ್ಸುಜಿ, ನನ್ ಹೆಂಡ್ತಿ ಮಂಡಿನೋವಿನ ಕತೆ ಹತ್ತು ವರ್ಷದಿಂದ ಕೇಳಿದ್ದೀಯ. ನಿನ್ ಹೆಂಡ್ತೀದು ಕೇಳ್ಲಿಲ್ವಾ?"

ಕಾಯುತ್ತಿದ್ದ ಇಬ್ಬರು ನಕ್ಕರು. ಯಜಮಾನರ ಕತ್ತರಿ ನಿಲ್ಲಲಿಲ್ಲ. "ತಲೆ ಅಲ್ಲಾಡಿಸ್ಬೇಡ" ಎಂದರು, ಅಷ್ಟೇ.

ಕೈಯಲ್ಲಿದ್ದ ಪೊರಕೆಯಲ್ಲೇ ನೊತ್ಸುಗೆ ಎರಡು ಬಿಡಬೇಕೆನಿಸಿತು. ಹಿದಾಕಾಗೆ ನಾಲ್ಕು.

ಏಪ್ರಿಲ್ 28, ಸೋಮವಾರ

ನಾಲ್ಕು ದಿನದಿಂದ ಇವರು ನನ್ನ ಜೊತೆ ಮಾತಿಲ್ಲ. ಬಾಚಣಿಗೆ ಪಕ್ಕ ಪುಸ್ತಕವೂ ಇಲ್ಲ.

ಅಂಗಡಿಗೆ ವಾರದ ರಜೆ. ಸ್ಟೇಷನ್ ಬಳಿಯ ಪುಸ್ತಕದಂಗಡಿಗೆ ಹೋದೆ. ಬದುಕು ತಿದ್ದುವವರ ಕಪಾಟು. ಎಲ್ಲರ ಸೊಂಟಕ್ಕೂ ಪಟ್ಟಿ. ಒಬ್ಬ ದಿವಾಳಿಯಾಗಿ ಎದ್ದವನು, ಒಬ್ಬಳ ಗಂಡ ಓಡಿಹೋದವನು, ಒಬ್ಬನಂತೂ ಎರಡು ಸಲ ಸತ್ತು ಬದುಕಿದ್ದಾನೆ. ಅವರ ಮನೆಗಳಲ್ಲೂ ಈಗ ಯಾರಾದರೂ ಬಾಯಿ ಹೊಲಿದುಕೊಂಡು ಊಟಕ್ಕೆ ಕೂತಿರುತ್ತಾರೆಯೆ?

ನನ್ನವು ಏಳು. ಒಂದೊಂದೇ ಪಟ್ಟಿ ಜಾರಿಸಿ ಕೈಚೀಲಕ್ಕೆ ಹಾಕಿದೆ. ಐದನೆಯದಕ್ಕೆ ಅಂಗಡಿಯ ಹೆಂಗಸು ಬಂದಳು.

"ಅದು ತೆಗೀಬಾರ್ದು, ಮೇಡಂ."

"ನನ್ನ ಪುಸ್ತಕ ಇದು."

"ಕೊಂಡ್ಕೊಂಡ್ಮೇಲೆ ನಿಮ್ದು."

"ಬರೆದೋಳು ನಾನಮ್ಮಾ!"

ಒಳಗಿನ ಫೋಟೊ ನೋಡಿದಳು. ನನ್ನನ್ನು ನೋಡಿದಳು. ನಡು ಬಗ್ಗಿಸಿ ವಂದಿಸಿದಳು. "ಈ ಸಾಲು ಓದಿ ನಮ್ಮಕ್ಕಂಗೆ ಅಂತ ಒಂದು ಕೊಂಡೆ. ಅವಳದೂ ಇದೇ ಕತೆ. ನಿಜ ಅಲ್ವಾ ಇದು?"

ಅಲ್ಲ ಎನ್ನಬೇಕಿತ್ತು. ಐದೂ ಪಟ್ಟಿ ಅವಳ ಕೈಗಿಟ್ಟು ಬಂದೆ.

ದಾರಿಯುದ್ದಕ್ಕೂ ಸಿಟ್ಟು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಹಿದಾಕಾ ಕಳ್ಳ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಕದ್ದದ್ದು ನನ್ನ ಮನೆಯಲ್ಲಿ ಇದ್ದದ್ದನ್ನೇ.

ಏಪ್ರಿಲ್ 29, ಸಂಜೆ

ಇವತ್ತು ಗುಡಿಸಲು ಹೋಗದೆ ಮೇಲೇ ಇದ್ದೆ. ಈಗ ಕೆಳಗಿಳಿದು ನೋಡಿದರೆ ಅಂಗಡಿ ಕನ್ನಡಿಯ ಮೇಲೆ ಕೆಂಪು ಪಟ್ಟಿ! ಅಕ್ಕಿ ಡಬ್ಬದ ಹಿಂದಿನದು. ಬೆಳಗಿನಿಂದ ಹನ್ನೊಂದು ಮಂದಿ ಓದಿ ಹೋಗಿದ್ದಾರೆ.

"ರೀ, ಏನ್ರೀ ಇದು? ಕೀಳ್ರೀ ಅದನ್ನ!"

"ಇರ್ಲಿ. ನಾನೂ ದಿನಾ ಓದ್ಕೋಬೇಕು."

"ನನ್ನ ಮಾನ ಕಳೀತೀರಾ?"

"ನಂದು ಆಗ್ಲೇ ಹೋಯ್ತು. ನೀನೊಬ್ಳು ಇಟ್ಕೊಂಡು ಏನ್ ಮಾಡ್ತೀಯ?"

ಆಮೇಲೆ ಕುರ್ಚಿ ತಟ್ಟಿದರು. "ಕೂತ್ಕೋ."

ಆ ಕುರ್ಚಿಯಲ್ಲಿ ನಾನು ಕೂತದ್ದು ಇದೇ ಮೊದಲು. ಹಿಂದಕ್ಕೆ ಬಾಗಿಸಿದರು. ಮುಖದ ಮೇಲೆ ಬಿಸಿ ಟವೆಲ್. ಪುಸ್ತಕದ ಮೂರನೆಯ ಅಧ್ಯಾಯ ಇದೇ— ಕಣ್ಣು ಮುಚ್ಚಿದಾಗ ಮನುಷ್ಯ ನಿಜ ಹೇಳುತ್ತಾನೆ, ಅವಸರ ಮಾಡಬೇಡಿ.

"ಹೇಳು."

"ಆ ಸಾಲು ನಾನೇ ಬರೆದಿದ್ದು."

"ಹೂಂ."

"ತಮಾಷೆಗಲ್ಲ."

"ಹೂಂ."

"ಉಪ್ಪಿನಕಾಯಿ ತಳ್ಳು ಅಂದ್ರಲ್ಲ, ಆವತ್ತು…" ಅಳು ಬಂತು. ಸದ್ಯ, ಟವೆಲ್ ಇತ್ತು. "ಎಲ್ಲಾ ನಿಮ್ಮಿಂದ ಕಲ್ತೆ ಅಂತಾನೂ ಬರೆದಿದ್ದೆ. ಅದನ್ನ ಅವನು ತೆಗೆದುಹಾಕ್ದ."

ಟವೆಲ್ ಆರಿತು. ಇನ್ನೊಂದು ಬಿಸಿಯದು ಹಾಕಿದರು.

ಮೇ 16

ಎರಡನೇ ಮುದ್ರಣ. ಪಟ್ಟಿ ಹಾಗೇ ಇರುತ್ತದಂತೆ. ಫೋನಿನಲ್ಲಿ ಅರ್ಧ ಗಂಟೆ ಜಗಳ ಆಡಿದೆ, ಹಿದಾಕಾ ಜಗ್ಗಲಿಲ್ಲ. ಒಳಗಿನ ಪರಿಚಯ ಮಾತ್ರ ಬದಲಿಸಬಹುದು, ಅದೂ ಇವತ್ತೇ ಕೊಟ್ಟರೆ.

"ಅದರಲ್ಲಿ ಗಂಡ ಇರ್ತಾರೆ. ನೀವು ಕೇಳಿದ ಗಾಯಾನೂ ಇರುತ್ತೆ," ಅಂದೆ. "ಎರಡೂ ಒಂದೇ ಮನೇಲಿರ್ತವೆ ಕಣ್ರೀ. ನಿಮಗೆ ಮದುವೆ ಆಗಿದ್ಯೋ ಇಲ್ವೋ?"

ಗುರುಗಳೇ ಎನ್ನುವುದನ್ನೂ ಮರೆತು ಫೋನ್ ಇಟ್ಟ.

ಅಂಗಡಿಯ ಬೆಂಚಿನ ಮೇಲೆ ಕೂತು ಇದನ್ನೂ ಆ ಪರಿಚಯವನ್ನೂ ಬರೆಯುತ್ತಿದ್ದೇನೆ. ಕುರ್ಚಿಯಲ್ಲಿ ನೊತ್ಸು. ಎಡಗಡೆ ಮುಗಿದಿದೆ, ಬಲಗಡೆ ಇನ್ನೂ ಪೊದೆ.

"ಏನ್ ಬರೀತಿದೀಯ?" ಯಜಮಾನರು.

"ನಾನು ಯಾರು ಅಂತ."

"ಓದು."

"ಅವರ ತಲೆ ಮುಗೀಲಿ ಇರಿ."

"ಹೌದಯ್ಯಾ, ಮೀನಿನ ಲಾರಿ ಬರೋ ಹೊತ್ತು—" ನೊತ್ಸು.

ಕತ್ತರಿ ಕೆಳಗಿಟ್ಟರು. ಸ್ಟೂಲು ಎಳೆದು ನನ್ನೆದುರು ಕೂತಿದ್ದಾರೆ. ಅರ್ಧ ತಲೆಯ ನೊತ್ಸು ಕನ್ನಡಿಯೊಳಗಿಂದ ಬೈಯುತ್ತಿದ್ದಾನೆ. ಇವರು ತಿರುಗಿಯೂ ನೋಡುತ್ತಿಲ್ಲ.

ಒಂದು ಸಾಲೂ ಪೂರ್ತಿ ಆಗಿಲ್ಲ. ಆದಷ್ಟು ಓದುತ್ತೇನೆ. ಹೆಸರು ಕಿನುಯೊ. ನಾನು ಬರೆಯುವುದು ಯಾಕೆಂದರೆ—